ವೃತ್ತಿಪರ ಕ್ರೀಡಾ ತಂಡದ ಹೆಲ್ತ್ ಡೈರೆಕ್ಟರ್ ಆಗುವುದು ಹೇಗೆ? ಮೊದಲ ಪದವಿಯಿಂದ ಮೊದಲ ಸೀಸನ್‌ವರೆಗೆ

"ಶನಿವಾರಕ್ಕೆ ಅವನು ಆಡ್ತಾನಾ?"

ವೃತ್ತಿಪರ ತಂಡದ ಹೆಲ್ತ್ ಡೈರೆಕ್ಟರ್ ಕಿವಿಗೆ ವಾರವಿಡೀ ಬೀಳುವ ಪ್ರಶ್ನೆ ಇದು. ಸೋಮವಾರ ಕೋಚ್ ಕೇಳುತ್ತಾರೆ. ಮಂಗಳವಾರ ಏಜೆಂಟ್ ಫೋನ್ ಮಾಡುತ್ತಾರೆ. ಗುರುವಾರದ ಹೊತ್ತಿಗೆ ಮಾಲೀಕರೂ ವಿಚಾರಿಸುತ್ತಾರೆ. ಆಟಗಾರನಂತೂ ಕೇಳುವುದೇ ಇಲ್ಲ, "ನಾನು ಫಿಟ್ ಇದ್ದೀನಿ" ಅಂತ ಹೇಳಿಕೊಂಡೇ ಬರುತ್ತಾನೆ. ಎಲ್ಲರಿಗೂ ಬೇಕಾಗಿರುವುದು "ಹೂಂ" ಅನ್ನುವ ಉತ್ತರ. ಅಂಥ ದಿನ "ಬೇಡ" ಅನ್ನಬೇಕಾಗಿ ಬಂದರೆ, ಹಾಗೆ ಹೇಳುವಷ್ಟು ತಿಳಿವಳಿಕೆಯೂ ಬೇಕು, ಹೇಳಿದ ಮಾತು ನಡೆಯುವಷ್ಟು ತೂಕವೂ ಬೇಕು. ಓದು, ಪರೀಕ್ಷೆ, ಮೈದಾನದ ಅನುಭವ ಎಲ್ಲ ಸೇರಿ ಹತ್ತು-ಹದಿನೈದು ವರ್ಷ ನೀವು ಸಂಪಾದಿಸುವುದು ಆ ತೂಕವನ್ನೇ. ಕೆಳಗಿನ ಪ್ರತಿ ಹಂತವನ್ನೂ ಅದೇ ಕಣ್ಣಿನಿಂದ ನೋಡಿ.

ಕೆಲಸದ ಒಳಗೆ ಏನೇನಿದೆ

ಹುದ್ದೆಯ ಹೆಸರು ಎಲ್ಲ ಕಡೆ ಒಂದೇ ಇಲ್ಲ. ಫುಟ್‌ಬಾಲ್ ಕ್ಲಬ್‌ಗಳಲ್ಲಿ ಹೆಡ್ ಆಫ್ ಮೆಡಿಕಲ್ ಅಂತಾರೆ. ಅಮೆರಿಕದ ತಂಡಗಳಲ್ಲಿ ಡೈರೆಕ್ಟರ್ ಆಫ್ ಹೆಲ್ತ್ ಅಂಡ್ ಪರ್ಫಾರ್ಮೆನ್ಸ್ ಅನ್ನುವುದುಂಟು. ಇಡೀ ಲೀಗ್‌ಗೆ ಒಬ್ಬರಿದ್ದರೆ ಅವರು ಚೀಫ್ ಮೆಡಿಕಲ್ ಆಫೀಸರ್. ಹೆಸರು ಏನೇ ಇರಲಿ, ಕೈಕೆಳಗೆ ಇರುವವರು ಹೆಚ್ಚುಕಮ್ಮಿ ಒಂದೇ ಥರ: ಟೀಮ್ ಡಾಕ್ಟರ್, ಫಿಸಿಯೋ, ಅಥ್ಲೆಟಿಕ್ ಟ್ರೈನರ್ (ಗಾಯ ತಡೆಯುವುದು, ಮೈದಾನದ ಪ್ರಥಮ ಚಿಕಿತ್ಸೆ ನೋಡಿಕೊಳ್ಳುವವರು), ಫಿಟ್‌ನೆಸ್ ಕೋಚ್, ಆಹಾರ ತಜ್ಞರು, ಮನಶ್ಶಾಸ್ತ್ರಜ್ಞರು, ಡೇಟಾ ನೋಡುವವರು, ಮಸಾಜ್ ಮಾಡುವವರು.

ಇಷ್ಟು ಜನ ಒಬ್ಬನೇ ಆಟಗಾರನ ಒಂದೇ ಕಾಲಿನ ಬಗ್ಗೆ ಬೇರೆ ಬೇರೆ ಮಾತು ಹೇಳಬಾರದು. ಅದನ್ನು ನೋಡಿಕೊಳ್ಳುವುದೇ ದಿನನಿತ್ಯದ ಕೆಲಸದ ಅರ್ಧ ಭಾಗ. ಉಳಿದರ್ಧದಲ್ಲಿ ಬಜೆಟ್, ನೇಮಕ, ವಿಮೆ, ಪ್ರಯಾಣ, ಆಸ್ಪತ್ರೆಗಳ ಜೊತೆ ಒಪ್ಪಂದ, ಹೊಸ ಆಟಗಾರರ ತಪಾಸಣೆ ಬರುತ್ತವೆ. ಕೈಯಲ್ಲಿ ಸ್ಟೆತಸ್ಕೋಪ್ ಹಿಡಿಯುವ ಹೊತ್ತು ವರ್ಷದಿಂದ ವರ್ಷಕ್ಕೆ ಕಮ್ಮಿಯಾಗುತ್ತದೆ. ರೋಗಿಯನ್ನು ನೋಡುವುದರಲ್ಲೇ ನಿಮ್ಮ ಸಂತೋಷ ಇದ್ದರೆ ಟೀಮ್ ಡಾಕ್ಟರ್ ಅಥವಾ ಹಿರಿಯ ಫಿಸಿಯೋ ಆಗಿಯೇ ಇರಿ. ಅದೂ ದೊಡ್ಡ ಕೆಲಸ, ಅಲ್ವಾ?

ಹಂತ 1: ಯಾವ ಬಾಗಿಲಿನಿಂದ ಒಳಗೆ ಬರುತ್ತೀರಿ

ಬಾಗಿಲು ಮೂರಿವೆ.

ಮೊದಲನೆಯದು ವೈದ್ಯಕೀಯ. ಡಾಕ್ಟರ್ ಪದವಿ, ಆಮೇಲೆ ಒಂದು ವಿಶೇಷ ವಿಷಯ, ಅದರ ಮೇಲೆ ಕ್ರೀಡಾ ವೈದ್ಯಕೀಯ. ದೇಶದಿಂದ ದೇಶಕ್ಕೆ ದಾರಿ ಬೇರೆ. ಬ್ರಿಟನ್ನಿನಲ್ಲಿ ಕ್ರೀಡಾ ವೈದ್ಯಕೀಯಕ್ಕೆ 2005ರಲ್ಲಿ ಪ್ರತ್ಯೇಕ ತಜ್ಞ ವಿಭಾಗದ ಮಾನ್ಯತೆ ಸಿಕ್ಕಿತು. ಅಮೆರಿಕದಲ್ಲಿ ಫ್ಯಾಮಿಲಿ ಮೆಡಿಸಿನ್‌ನಂಥ ವಿಷಯ ಮುಗಿಸಿ, ಸಾಮಾನ್ಯವಾಗಿ ಒಂದು ವರ್ಷದ ಫೆಲೋಶಿಪ್ ಮಾಡುತ್ತಾರೆ. ಮೂಳೆ ತಜ್ಞರೇ ಆಗಬೇಕು ಅಂತೇನೂ ಇಲ್ಲ. ತಂಡದ ಡಾಕ್ಟರ್ ದಿನಾ ನೋಡುವುದರಲ್ಲಿ ಆಪರೇಷನ್ ಬೇಕಾಗುವಂಥದ್ದು ತೀರಾ ಕಮ್ಮಿ. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್ 2017ರಲ್ಲಿ ಚೀಫ್ ಮೆಡಿಕಲ್ ಆಫೀಸರ್ ಆಗಿ ಆರಿಸಿದ್ದು ಆಲನ್ ಸಿಲ್ಸ್ ಅನ್ನುವ ನರಶಸ್ತ್ರಚಿಕಿತ್ಸಕರನ್ನು. ಆ ಆಟದ ದೊಡ್ಡ ಚಿಂತೆ ತಲೆಗೆ ಬೀಳುವ ಪೆಟ್ಟು, ಅದಕ್ಕೇ ಆ ಆಯ್ಕೆ ಅರ್ಥವಾಗುತ್ತದೆ. ನಿಮ್ಮ ಆಟದಲ್ಲಿ ಜಾಸ್ತಿ ಯಾವ ಗಾಯ ಆಗುತ್ತದೆ ಅಂತ ನೋಡಿ ವಿಷಯ ಆರಿಸಿಕೊಳ್ಳಿ.

ಎರಡನೆಯದು ಫಿಸಿಯೋಥೆರಪಿ ಅಥವಾ ಅಥ್ಲೆಟಿಕ್ ಟ್ರೈನಿಂಗ್. ಇದನ್ನು ಎರಡನೇ ದರ್ಜೆ ಅಂದುಕೊಳ್ಳುವವರು ಇದ್ದಾರೆ. 2023ರ ಜನವರಿ 2ರಂದು ಎನ್‌ಎಫ್‌ಎಲ್‌ನ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಒಂದು ಟ್ಯಾಕಲ್ ಮಾಡಿ ಎದ್ದು ನಿಂತು, ಹಾಗೇ ಹಿಂದಕ್ಕೆ ಬಿದ್ದರು. ಹೃದಯ ನಿಂತಿತ್ತು. ಓಡಿ ಬಂದು ಎದೆ ಒತ್ತಲು ಶುರು ಮಾಡಿದ್ದು ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲ್ಲಿಂಗ್ಟನ್. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮೈದಾನಕ್ಕೂ ಮರಳಿದರು. ಈ ಬಾಗಿಲಿನಿಂದ ಬಂದವರಿಗೆ ಇನ್ನೊಂದು ಲಾಭ ಇದೆ. ಗಾಯಗೊಂಡ ಆಟಗಾರನ ಜೊತೆ ತಿಂಗಳುಗಟ್ಟಲೆ ದಿನಾ ಎರಡು-ಮೂರು ಗಂಟೆ ಕಳೆಯುವವರು ಇವರೇ. ಅವನ ಭಯ, ಮನೆಯ ತಾಪತ್ರಯ, ಸುಳ್ಳು ಎಲ್ಲ ಇವರಿಗೆ ಗೊತ್ತಿರುತ್ತದೆ. ಅಮೆರಿಕದಲ್ಲಿ ಈ ವೃತ್ತಿಗೆ ಈಗ ಸ್ನಾತಕೋತ್ತರ ಪದವಿ ಮತ್ತು ಬೋರ್ಡ್ ಪರೀಕ್ಷೆ ಬೇಕು.

ಮೂರನೆಯದು ಕ್ರೀಡಾ ವಿಜ್ಞಾನ: ಫಿಟ್‌ನೆಸ್, ವ್ಯಾಯಾಮ ಶಾಸ್ತ್ರ, ಡೇಟಾ. ಇತ್ತೀಚೆಗೆ ಇಲ್ಲಿಂದಲೂ ಡೈರೆಕ್ಟರ್ ಆಗುತ್ತಿದ್ದಾರೆ. ಆದರೆ ಒಂದು ಗೆರೆ ಮರೆಯಬೇಡಿ. ನೀವು ಡಾಕ್ಟರ್ ಅಲ್ಲದಿದ್ದರೆ ಇಲಾಖೆ ನಡೆಸಬಹುದು, ವೈದ್ಯಕೀಯ ತೀರ್ಮಾನ ಮಾತ್ರ ಪರವಾನಗಿ ಇರುವ ಡಾಕ್ಟರದ್ದೇ. ಈ ಗೆರೆ ಮಸುಕಾದ ತಂಡಗಳಲ್ಲಿ ಅಪಾಯದ ದಿನ "ಯಾರು ಹೇಳಿದ್ದು?" ಅಂತ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಪದವಿ ಜೊತೆಗೆ ಎರಡು ಕೋರ್ಸ್ ಗಮನಿಸಿ. ಫಿಫಾದ ಡಿಪ್ಲೊಮಾ ಇನ್ ಫುಟ್‌ಬಾಲ್ ಮೆಡಿಸಿನ್ ಆನ್‌ಲೈನ್‌ನಲ್ಲೇ ಓದಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸ್ಪೋರ್ಟ್ಸ್ ಮೆಡಿಸಿನ್ ಡಿಪ್ಲೊಮಾವನ್ನು ಕೆಲಸ ಮಾಡಿಕೊಂಡೇ ಎರಡು ವರ್ಷದಲ್ಲಿ ಮುಗಿಸಬಹುದು. ಇವು ಕೆಲಸ ಕೊಡಿಸುವುದಿಲ್ಲ, ಆದರೆ ಬೇರೆ ದೇಶದವರ ಜೊತೆ ಒಂದೇ ಭಾಷೆಯಲ್ಲಿ ಮಾತಾಡಲು ಕಲಿಸುತ್ತವೆ.

ಹಂತ 2: ತುರ್ತು ಚಿಕಿತ್ಸೆ ಕೈಗೆ ಹತ್ತಬೇಕು

ಬೆಂಕಿ ಬಿದ್ದಾಗ ಬಾವಿ ತೋಡಿದರೆ ಆಗುವುದಿಲ್ಲ. ಎಸಿಎಲ್‌ಎಸ್ (ಹೃದಯ ನಿಂತಾಗಿನ ಚಿಕಿತ್ಸೆ), ಎಟಿಎಲ್‌ಎಸ್‌ನಂಥ (ದೊಡ್ಡ ಗಾಯದ ತುರ್ತು ಚಿಕಿತ್ಸೆ) ತರಬೇತಿ ಮುಗಿಸಿ, ಅವಧಿ ತೀರುವ ಮೊದಲೇ ಮತ್ತೆ ಮಾಡಿ. ರಗ್ಬಿಗೆ ಹೋಗುವವರಿಗೆ ವರ್ಲ್ಡ್ ರಗ್ಬಿಯದೇ ಇಮ್ಮಿಡಿಯೇಟ್ ಕೇರ್ ಕೋರ್ಸ್ ಇದೆ.

ಹೃದಯ ನಿಂತಾಗ, ಶಾಕ್ ಕೊಟ್ಟು ಅದನ್ನು ಮತ್ತೆ ನಡೆಸುವ ಡಿಫಿಬ್ರಿಲೇಟರ್ ಯಂತ್ರ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಕುಸಿಯುತ್ತದೆ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್‌ನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಪಂದ್ಯದ ನಡುವೆ ಕುಸಿದಾಗ ಒಂದೇ ಶಾಕ್‌ಗೆ ಹೃದಯ ಮರಳಿತು. ಮುಂದಿನ ಕಥೆಯಲ್ಲೂ ನಮ್ಮ ಕೆಲಸಕ್ಕೆ ಪಾಠ ಇದೆ. ಅವರ ಎದೆಯೊಳಗೆ ಪುಟ್ಟ ಡಿಫಿಬ್ರಿಲೇಟರ್ ಕೂರಿಸಿದರು. ಆಗ ಅವರಿದ್ದದ್ದು ಇಟಲಿಯ ಇಂಟರ್ ಮಿಲಾನ್ ಕ್ಲಬ್‌ನಲ್ಲಿ, ಇಟಲಿಯ ನಿಯಮ ಅದರೊಂದಿಗೆ ಆಡಲು ಬಿಡಲಿಲ್ಲ. ಆ ದೇಶದಲ್ಲಿ 1982ರಿಂದಲೇ ಸ್ಪರ್ಧೆಗೆ ಇಳಿಯುವವರಿಗೆ ಇಸಿಜಿ ಸಮೇತ ತಪಾಸಣೆ ಕಡ್ಡಾಯ. 2022ರ ಜನವರಿಯಲ್ಲಿ ಅವರು ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಸೇರಿದರು, ಆಡಿದರು. ಹೃದಯ ಅದೇ, ದೇಶ ಬದಲಾದ ಮೇಲೆ ಉತ್ತರವೂ ಬದಲಾಯಿತು. ಯಾವ ಲೀಗ್‌ನಲ್ಲಿ ಕೆಲಸ ಮಾಡುತ್ತೀರೋ ಅಲ್ಲಿನ ನಿಯಮ ಪುಸ್ತಕ ಕಣ್ಣು ಮುಚ್ಚಿದರೂ ನೆನಪಿಗೆ ಬರಬೇಕು.

ಬಿಸಿಲಿನ ಹೊಡೆತವನ್ನು ಯಾರೂ ಹಗುರ ಮಾಡಬೇಡಿ. 2001ರ ಜುಲೈ 31ರಂದು ಎನ್‌ಎಫ್‌ಎಲ್‌ನ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ತರಬೇತಿ ಶಿಬಿರದ ಬಿಸಿಲಿಗೆ ಕುಸಿದು, ಮಾರನೇ ದಿನ ತೀರಿಕೊಂಡರು. ಕಟ್ಟುಮಸ್ತಾದ ಆಳು. ಇವತ್ತು ಎಲ್ಲರೂ ಒಪ್ಪಿದ ಕ್ರಮ ಹೀಗಿದೆ: ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಕಳಿಸಿ. ಗುದದ ಥರ್ಮಾಮೀಟರ್‌ನಲ್ಲಿ ದೇಹದ ಒಳಗಿನ ಶಾಖ ಅಳೆಯಿರಿ. ಹಣೆ, ಬಾಯಿ, ಕಂಕುಳಿನ ಲೆಕ್ಕ ಇಲ್ಲಿ ನಂಬುವಂಥದ್ದಲ್ಲ. ಶಾಖ 40 ಡಿಗ್ರಿ ದಾಟಿ, ಮಾತು ತೊದಲುತ್ತಿದ್ದರೆ ಅಥವಾ ಗೊಂದಲ ಇದ್ದರೆ, ಐಸ್ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ. ಅರ್ಧ ಗಂಟೆಯೊಳಗೆ 39ರ ಕೆಳಗೆ ಇಳಿಯಬೇಕು. ಅಂದರೆ ತೊಟ್ಟಿ ಮೊದಲೇ ತುಂಬಿರಬೇಕು. ಆಂಬುಲೆನ್ಸ್ ಬಂದರೂ ಆ ಹುಡುಗನನ್ನು ನೀರಿನಿಂದ ಎತ್ತಲು ಬಿಡದ ಗಟ್ಟಿತನ ನಿಮಗೆ ಇರಬೇಕು.

ಹಂತ 3: ಸಣ್ಣ ತಂಡಗಳಲ್ಲಿ ಬೆವರು ಹರಿಸಿ

ಕಿರಿಯರ ತಂಡ, ಕಾಲೇಜು ತಂಡ, ಎರಡನೇ ದರ್ಜೆ ಲೀಗ್, ಮಹಿಳಾ ತಂಡ. ಎಲ್ಲಿ ಕರೆದರೂ ಹೋಗಿ. ದೊಡ್ಡ ತಂಡದಲ್ಲಿ ಹತ್ತು ಜನ ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಬ್ಬರೇ ಮಾಡುತ್ತೀರಿ. ಬ್ಯಾಗ್ ತುಂಬುವುದು ನೀವೇ, ಟೇಪ್ ಸುತ್ತುವುದು ನೀವೇ, ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುವುದೂ ನೀವೇ.

ಮಹಿಳಾ ತಂಡದ ಅನುಭವವನ್ನು ವಿಶೇಷವಾಗಿ ಹುಡುಕಿಕೊಂಡು ಹೋಗಿ. ತಿಂದಿದ್ದಕ್ಕಿಂತ ಜಾಸ್ತಿ ಶಕ್ತಿ ಖರ್ಚಾದರೆ ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಒತ್ತಡದ ಬಿರುಕು ಬರುತ್ತದೆ. ಇದಕ್ಕೆ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಅಂತ ಹೆಸರಿಟ್ಟಿತು. ಗಂಡಸರಲ್ಲೂ ಇದು ಬರುತ್ತದೆ ಅಂತ ಆಗಲೇ ಹೇಳಿತ್ತು. ಹಾಗಿದ್ದೂ "ಮುಟ್ಟು ಸರಿಯಾಗಿ ಆಗುತ್ತಿದೆಯಾ?" ಅಂತ ಸಂಕೋಚವಿಲ್ಲದೆ ಕೇಳಲು ಬಾರದ ಟೀಮ್ ಡಾಕ್ಟರ್‌ಗಳು ಇವತ್ತಿಗೂ ಇದ್ದಾರೆ.

ಈ ವರ್ಷಗಳಲ್ಲಿ ಒಂದು ನೋಟ್‌ಬುಕ್ ಇಡಿ. ಆಟಗಾರರ ಹೆಸರು ಬರೆಯಬೇಡಿ. ಗಾಯ ಯಾವುದು, ಯಾವ ದಿನ ಮರಳುತ್ತಾನೆ ಅಂತ ನೀವು ಅಂದಾಜು ಮಾಡಿದ್ದಿರಿ, ನಿಜಕ್ಕೂ ಯಾವ ದಿನ ಮರಳಿದ, ಇಷ್ಟು ಸಾಕು. ನನ್ನ ಮೊದಲ ಎರಡು ಸೀಸನ್‌ನ ಪುಟ ತಿರುವಿದಾಗ, ಪಾದದ ಉಳುಕಿಗೆ ನಾನು ಕೊಟ್ಟ ಅಂದಾಜೆಲ್ಲ ನಾಲ್ಕೈದು ದಿನ ಬೇಗದ್ದಾಗಿತ್ತು. ಕೋಚ್‌ಗೆ ಖುಷಿಯಾಗಲಿ ಅಂತ ಬಾಯಿಗೆ ಬಂದ ದಿನ ಹೇಳುತ್ತಿದ್ದೆ ಅನ್ನುವುದು ಆ ಪುಟ ನೋಡಿದಾಗ ಗೊತ್ತಾಯಿತು. ಅವತ್ತಿನಿಂದ ಒಂದು ದಿನಾಂಕ ಹೇಳುವುದು ಬಿಟ್ಟು "ಇಂಥ ದಿನದಿಂದ ಇಂಥ ದಿನದೊಳಗೆ" ಅಂತ ಹೇಳತೊಡಗಿದೆ.

ಹಂತ 4: "ಆಡಬಹುದಾ?" ಅನ್ನುವುದಕ್ಕೆ ಉತ್ತರ ಕಟ್ಟುವುದು

ಈ ವೃತ್ತಿಯ ತಿರುಳು ಇಲ್ಲಿದೆ. ನಿಧಾನವಾಗಿ ನೋಡೋಣ.

ಇಯಾನ್ ಶ್ರಿಯರ್ ಅನ್ನುವ ಕೆನಡಾದ ವೈದ್ಯ-ಸಂಶೋಧಕರು ಇದಕ್ಕೆ ಮೂರು ಮೆಟ್ಟಿಲಿನ ಕ್ರಮ ರೂಪಿಸಿದ್ದಾರೆ. ಮೊದಲ ಮೆಟ್ಟಿಲು, ಗಾಯವಾದ ಜಾಗ ಎಷ್ಟು ವಾಸಿಯಾಗಿದೆ. ಎರಡನೆಯದು, ಆಟ ಆ ಜಾಗದ ಮೇಲೆ ಎಷ್ಟು ಭಾರ ಹಾಕುತ್ತದೆ. ಮೂರನೆಯದು, ಉಳಿದ ಅಪಾಯವನ್ನು ಈ ಹೊತ್ತಿನಲ್ಲಿ ಎಷ್ಟರ ಮಟ್ಟಿಗೆ ಒಪ್ಪಬಹುದು.

ಒಬ್ಬ ವಿಂಗರ್‌ನ (ಫುಟ್‌ಬಾಲ್‌ನಲ್ಲಿ ಮೈದಾನದ ಅಂಚಿನಲ್ಲಿ ವೇಗವಾಗಿ ಓಡುವ ಆಟಗಾರ) ಹ್ಯಾಮ್‌ಸ್ಟ್ರಿಂಗ್, ಅಂದರೆ ತೊಡೆಯ ಹಿಂಭಾಗದ ಸ್ನಾಯು, ಹರಿದಿದೆ ಅಂತ ಇಟ್ಟುಕೊಳ್ಳಿ. ಇವತ್ತಿಗೆ ಹತ್ತೊಂಬತ್ತು ದಿನ. ಮುಟ್ಟಿದರೆ ನೋವಿಲ್ಲ. ಎರಡೂ ಕಾಲಿನ ಬಲ ಅಳೆದರೆ ಗಾಯದ ಕಾಲು ಸ್ವಲ್ಪ ಹಿಂದೆ ಇದೆ. ಎಂಆರ್‌ಐನಲ್ಲಿ ಗಾಯ ಸ್ನಾಯುವಿನಿಂದ ಒಳಗಿನ ಸ್ನಾಯುರಜ್ಜುವಿಗೂ ಹೋಗಿತ್ತು. ಇಂಥದ್ದು ವಾಸಿಯಾಗಲು ಹೆಚ್ಚು ದಿನ ಬೇಕು, ಮತ್ತೆ ಹರಿಯುವ ಭಯವೂ ಜಾಸ್ತಿ. ಮೊದಲ ಮೆಟ್ಟಿಲು: ಪೂರ್ತಿ ಆಗಿಲ್ಲ.

ಈಗ ಜಿಪಿಎಸ್ ಲೆಕ್ಕ ತೆಗೆಯಿರಿ. ಪಂದ್ಯದಲ್ಲಿ ಅವನು ಮುಟ್ಟುವ ಅತಿ ಹೆಚ್ಚು ವೇಗ ಎಷ್ಟು? ಈ ವಾರದ ಅಭ್ಯಾಸದಲ್ಲಿ ಎಷ್ಟು ಮುಟ್ಟಿದ? ನೂರಕ್ಕೆ ಎಂಬತ್ತೈದರಷ್ಟು. ಪೂರ್ತಿ ವೇಗದಲ್ಲಿ ಒಮ್ಮೆಯೂ ಓಡಿಲ್ಲ. ವಿಂಗರ್ ಅಂದಮೇಲೆ ಮೊದಲ ಹತ್ತು ನಿಮಿಷದಲ್ಲೇ ಓಡಬೇಕಾಗುತ್ತದೆ. ಗೋಲ್‌ಕೀಪರ್ ಆಗಿದ್ದರೆ ಇದೇ ಲೆಕ್ಕ ಬೇರೆ ಇರುತ್ತಿತ್ತು. ಎರಡನೇ ಮೆಟ್ಟಿಲು: ಇನ್ನೂ ಪರೀಕ್ಷೆಯೇ ಆಗಿಲ್ಲ.

ಮೂರನೆಯದರಲ್ಲಿ ನೀವು ಒಬ್ಬರೇ ಕೂರಬೇಡಿ. ಸೀಸನ್ನಿನ ಮೂರನೇ ಪಂದ್ಯವಾ, ಫೈನಲ್ಲಾ? ಆಟಗಾರನ ಒಪ್ಪಂದ ಮುಗಿಯುತ್ತಿದೆಯಾ? ಅವನಿಗೆ ಪೂರ್ತಿ ಮಾಹಿತಿ ಕೊಟ್ಟಿದ್ದೀರಾ? ಅವನು ಹೇಳುವ "ನಾನು ರೆಡಿ" ನಿಜವಾ, ಜಾಗ ಹೋಗುತ್ತೆ ಅನ್ನುವ ಹೆದರಿಕೆಯಾ?

ಆಮೇಲೆ ಕೋಚ್ ಮುಂದೆ ಕುಳಿತು ಹೇಳುವ ಮಾತು ಹೀಗಿರಲಿ: "ಶನಿವಾರ ಆಡಿಸಿದರೆ ಮತ್ತೆ ಹರಿಯುವ ಅಪಾಯ ನನಗೆ ದೊಡ್ಡದಾಗಿ ಕಾಣುತ್ತಿದೆ. ಹರಿದರೆ ಈ ಸಲಕ್ಕಿಂತ ಜಾಸ್ತಿ ದಿನ ಹೊರಗಿರುತ್ತಾನೆ. ಮಂಗಳವಾರ ಮತ್ತು ಶುಕ್ರವಾರ ಪೂರ್ತಿ ವೇಗದಲ್ಲಿ ಓಡಿಸುತ್ತೇನೆ. ಎರಡೂ ದಾಟಿದರೆ ಮುಂದಿನ ವಾರ ಅರ್ಧ ಗಂಟೆ ಕೊಡಿ." ಅಪಾಯ, ಬೆಲೆ, ಬದಲಿ ದಾರಿ, ಮೂರೂ ಅದರಲ್ಲಿವೆ. "ನೋಡೋಣ, ಕಷ್ಟ ಇದೆ" ಅಂತ ಅಡ್ಡಗೋಡೆ ಮೇಲೆ ದೀಪ ಇಟ್ಟರೆ ಕೋಚ್ ತನಗೆ ಬೇಕಾದ ಅರ್ಥ ಮಾಡಿಕೊಳ್ಳುತ್ತಾರೆ. ತಪ್ಪು ಅವರದಲ್ಲ.

ಕೆಲವು ಗಾಯಗಳಲ್ಲಿ ಕ್ಯಾಲೆಂಡರ್ ಜೊತೆ ಜಗಳ ಆಡಲಾಗದು. ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜುವಿನ ಆಪರೇಷನ್ ಆದವರ ಮೇಲೆ 2016ರಲ್ಲಿ ಪ್ರಕಟವಾದ ಡೆಲವೇರ್-ಓಸ್ಲೋ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ಆರನೇ ತಿಂಗಳಿಗೇ ಕುಣಿಯುತ್ತಿರುವ ಇಪ್ಪತ್ತರ ಹುಡುಗನನ್ನು ತಡೆಯಲು ಈ ಒಂದು ವಾಕ್ಯ ಸಾಕಾಗುತ್ತದೆ.

ಎಲ್ಲ ಸರಿಯಾಗಿ ಮಾಡಿದರೂ ಎಡವುವುದುಂಟು. 2019ರ ಎನ್‌ಬಿಎ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಕೆವಿನ್ ಡ್ಯುರಾಂಟ್ ಮೀನಖಂಡದ ಗಾಯದಿಂದ ಒಂದು ತಿಂಗಳ ಮೇಲೆ ಮರಳಿದರು. ಸುಮಾರು ಹನ್ನೆರಡು ನಿಮಿಷ ಆಡಿದರು. ಅದೇ ಕಾಲಿನ ಹಿಮ್ಮಡಿ ರಜ್ಜು ಹರಿಯಿತು. ಅಂಥ ರಾತ್ರಿ ನಿಮ್ಮನ್ನು ಕಾಯುವುದು ನೀವು ಬರೆದಿಟ್ಟ ದಾಖಲೆ: ಯಾರ ಜೊತೆ ಮಾತಾಡಿದಿರಿ, ಆಟಗಾರನಿಗೆ ಏನು ಹೇಳಿದಿರಿ, ಯಾವ ಪರೀಕ್ಷೆ ಮಾಡಿದಿರಿ. ಪಂದ್ಯಕ್ಕೆ ಮೊದಲೇ ಬರೆದದ್ದು.

ಹಂತ 5: ಚೌಕಾಸಿ ಇಲ್ಲದ ಎರಡು ಜಾಗ

ತಲೆಗೆ ಪೆಟ್ಟು ಒಂದು. ಕ್ರೀಡೆಯ ಕನ್ಕಷನ್ (ಪೆಟ್ಟಿನಿಂದ ಮಿದುಳಿಗಾಗುವ ಆಘಾತ) ಬಗ್ಗೆ ತಜ್ಞರ ಮೊದಲ ಅಂತರರಾಷ್ಟ್ರೀಯ ಸಭೆ 2001ರಲ್ಲಿ ವಿಯೆನ್ನಾದಲ್ಲಿ ಸೇರಿತು, ಆರನೆಯದು 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ. ಅಲ್ಲಿಂದ ಬಂದ ಸ್ಕ್ಯಾಟ್ 6 ಪರೀಕ್ಷೆಯನ್ನು ಸರಿಯಾಗಿ ಮಾಡಲು ಕನಿಷ್ಠ ಹತ್ತು-ಹದಿನೈದು ನಿಮಿಷ ಬೇಕು. ಟಚ್‌ಲೈನ್ ಪಕ್ಕ ಎರಡು ನಿಮಿಷದಲ್ಲಿ ಅದು ಮುಗಿಯುವುದಿಲ್ಲ. ಅನುಮಾನ ಬಂದರೆ ಹೊರಗೆ ಕೂರಿಸಿ. ಅವತ್ತು ಮತ್ತೆ ಆಟ ಇಲ್ಲ. ಮರಳುವ ದಾರಿ ಆರು ಹಂತದ್ದು, ಒಂದೊಂದಕ್ಕೂ ಕನಿಷ್ಠ 24 ಗಂಟೆ. ನಿಯಮಗಳೂ ಈಗ ನಿಮ್ಮ ಪರ ಇವೆ. ಕ್ರಿಕೆಟ್‌ನಲ್ಲಿ 2019ರ ಆಗಸ್ಟ್‌ನಿಂದ ಬದಲಿ ಆಟಗಾರನಿಗೆ ಅವಕಾಶ ಬಂತು, ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲು ಮಾರ್ನಸ್ ಲಬುಶೇನ್ ಇಳಿದದ್ದು ಅದರ ಮೊದಲ ಟೆಸ್ಟ್ ಉದಾಹರಣೆ.

ಎರಡನೆಯದು ಡೋಪಿಂಗ್. 1999ರಲ್ಲಿ ಶುರುವಾದ ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ಹೊರಡಿಸುವ ನಿಷೇಧಿತ ಪಟ್ಟಿ ಪ್ರತಿ ವರ್ಷ ಜನವರಿ 1ಕ್ಕೆ ಹೊಸದಾಗಿ ಜಾರಿಗೆ ಬರುತ್ತದೆ. ಮರಿಯಾ ಶರಪೋವಾ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ಮೆಲ್ಡೋನಿಯಂ ಅನ್ನುವ ಹೃದಯದ ಔಷಧ 2016ರ ಜನವರಿ 1ಕ್ಕೆ ಪಟ್ಟಿ ಸೇರಿತು. ಅದೇ ತಿಂಗಳ ಆಸ್ಟ್ರೇಲಿಯನ್ ಓಪನ್‌ನಲ್ಲಿ ಸಿಕ್ಕಿಬಿದ್ದರು. ಎರಡು ವರ್ಷದ ನಿಷೇಧ, ಮೇಲ್ಮನವಿಯ ನಂತರ 15 ತಿಂಗಳಿಗೆ ಇಳಿಯಿತು. ಹೊಸ ಪಟ್ಟಿ ಜಾರಿಗೆ ಬರುವ ಮೂರು ತಿಂಗಳು ಮೊದಲೇ ಪ್ರಕಟವಾಗುತ್ತದೆ. ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ಮೀಸಲಿಡಿ. ತಂಡದ ಔಷಧ ಕಪಾಟು, ಪ್ರತಿ ಆಟಗಾರನ ಮಾತ್ರೆಗಳ ಪಟ್ಟಿ, ಸಪ್ಲಿಮೆಂಟ್ ಡಬ್ಬಿ, ಎಲ್ಲವನ್ನೂ ಹೊಸ ಪಟ್ಟಿ ಜೊತೆ ಒಂದೊಂದಾಗಿ ತಾಳೆ ನೋಡಿ. ಕಾರ್ಟಿಸೋನ್ ಇಂಜೆಕ್ಷನ್‌ಗಳು 2022ರಿಂದ, ಟ್ರಮಡಾಲ್ 2024ರಿಂದ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಇವೆರಡೂ ನೋವಿನ ಆಟಗಾರರಿಗೆ ಸಾಮಾನ್ಯವಾಗಿ ಕೊಡುತ್ತಿದ್ದಂಥವೇ. ಅಮೆರಿಕದ ದೊಡ್ಡ ಲೀಗ್‌ಗಳಿಗೆ ಆಟಗಾರರ ಸಂಘದ ಜೊತೆ ಮಾಡಿಕೊಂಡ ತಮ್ಮದೇ ನಿಯಮಗಳಿವೆ, ಅಲ್ಲಿ ಕೆಲಸ ಮಾಡುವವರು ಎರಡನ್ನೂ ಓದಬೇಕು.

ಹಂತ 6: ಕೋಚ್ ಜೊತೆ ಮಾತು, ಮಾಲೀಕರ ಜೊತೆ ಲೆಕ್ಕ

ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಯೆಫಾ 2001ರಿಂದ ಯುರೋಪಿನ ದೊಡ್ಡ ಕ್ಲಬ್‌ಗಳ ಗಾಯದ ದಾಖಲೆ ಇಡುತ್ತಿದೆ. ಸ್ವೀಡನ್ನಿನ ಯಾನ್ ಎಕ್‌ಸ್ಟ್ರಾಂಡ್ ಅದನ್ನು ಮುನ್ನಡೆಸಿದವರು. ಅದರ ಪ್ರಕಾರ 25 ಆಟಗಾರರ ತಂಡಕ್ಕೆ ಒಂದು ಸೀಸನ್‌ನಲ್ಲಿ ಸುಮಾರು 50 ಗಾಯ ಆಗುತ್ತವೆ. ಹ್ಯಾಮ್‌ಸ್ಟ್ರಿಂಗ್ ಪಾಲು 2001-02ರಲ್ಲಿ ಶೇ. 12 ಇದ್ದದ್ದು 2021-22ಕ್ಕೆ ಶೇ. 24 ಆಯಿತು. ಗಾಯದ ಹೊರೆ, ಅಂದರೆ ಗಾಯದಿಂದ ತಪ್ಪಿದ ದಿನಗಳು, ಕಮ್ಮಿ ಇದ್ದ ಸೀಸನ್‌ಗಳಲ್ಲಿ ತಂಡಗಳು ಲೀಗ್ ಪಟ್ಟಿಯಲ್ಲಿ ಮೇಲೆ ಬಂದವು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು 36 ಕ್ಲಬ್‌ಗಳನ್ನು ಇಟ್ಟುಕೊಂಡು ಅದೇ ಗುಂಪು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಕೋಚ್ ಮತ್ತು ವೈದ್ಯಕೀಯ ತಂಡದ ನಡುವೆ ಮಾತುಕತೆ ಚೆನ್ನಾಗಿಲ್ಲದ ಕಡೆ ಗಾಯದ ಹೊರೆ ಜಾಸ್ತಿ ಇತ್ತು. ಅಂದರೆ ಬೆಳಗಿನ ಹತ್ತು ನಿಮಿಷದ ಮೀಟಿಂಗ್ ಕೂಡ ಚಿಕಿತ್ಸೆಯ ಭಾಗವೇ. ಆ ಮೀಟಿಂಗ್‌ನಲ್ಲಿ ಕೋಚ್ ಕೈಗೆ ಒಂದೇ ಪುಟ ಕೊಡಿ: ಪೂರ್ತಿ ಅಭ್ಯಾಸ ಮಾಡುವವರು, ಕಡಿಮೆ ಮಾಡುವವರು, ಮಾಡದವರು. ರೋಗದ ವಿವರ ಅದರಲ್ಲಿ ಬೇಡ. ಆಟಗಾರನ ಖಿನ್ನತೆ, ಮನೆಯ ಕಾಯಿಲೆ, ರಕ್ತದ ರಿಪೋರ್ಟ್ ಅವನ ಒಪ್ಪಿಗೆ ಇಲ್ಲದೆ ಕೋಚ್ ಕಿವಿಗೂ ಹೋಗಬಾರದು. ಒಮ್ಮೆ ಸೋರಿದರೆ ಇಡೀ ಡ್ರೆಸ್ಸಿಂಗ್ ರೂಮ್ ನಿಮ್ಮಿಂದ ನೋವು ಮುಚ್ಚಿಡಲು ಶುರು ಮಾಡುತ್ತದೆ.

ಸ್ಟಾರ್ ಆಟಗಾರನಿಗೂ ಹದಿನೆಂಟರ ಹೊಸ ಹುಡುಗನಿಗೂ ಒಂದೇ ಅಳತೆ ಇರಲಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಮಾಡಿದರೆ ಹುಡುಗರು ಮರೆಯುವುದಿಲ್ಲ.

ಮಾಲೀಕರಿಗೆ ಭಾಷೆ ಬೇರೆ. ಗಾಯದಿಂದ ತಪ್ಪಿದ ದಿನಗಳನ್ನು ಆಟಗಾರನ ದಿನದ ಸಂಬಳದಿಂದ ಗುಣಿಸಿ ವರ್ಷದ ಮೊತ್ತ ತೋರಿಸಿ. ಇನ್ನೊಬ್ಬ ಫಿಸಿಯೋ ಬೇಕು ಅಂತ ಮೂರು ಪತ್ರ ಬರೆಯುವುದಕ್ಕಿಂತ ಆ ಒಂದು ಅಂಕಿ ಬೇಗ ಕೆಲಸ ಮಾಡುತ್ತದೆ.

ಹಂತ 7: ಸಹಿ ಹಾಕುವ ಮೊದಲು

2015ರ ಆಗಸ್ಟ್ 8. ಚೆಲ್ಸಿ ಮತ್ತು ಸ್ವಾನ್ಸಿ ಪಂದ್ಯದ ಕೊನೆ ಗಳಿಗೆ. ಚೆಲ್ಸಿಯ ಒಬ್ಬ ಆಟಗಾರ ಆಗಲೇ ಕೆಂಪು ಕಾರ್ಡ್ ಪಡೆದು ಹೊರಗಿದ್ದ. ಅದೇ ತಂಡದ ಎಡೆನ್ ಹಜಾರ್ಡ್ ನೆಲದ ಮೇಲೆ ಬಿದ್ದರು. ರೆಫರಿ ಕರೆದರು. ಡಾಕ್ಟರ್ ಇವಾ ಕಾರ್ನೇರೋ ಮತ್ತು ಫಿಸಿಯೋ ಜಾನ್ ಫರ್ನ್ ಒಳಗೆ ಓಡಿದರು. ಚಿಕಿತ್ಸೆ ಪಡೆದ ಆಟಗಾರ ಹೊರಗೆ ಹೋಗಲೇಬೇಕಾದ್ದರಿಂದ ತಂಡ ಒಂಬತ್ತಕ್ಕೆ ಇಳಿಯಿತು. ಮ್ಯಾನೇಜರ್ ಮೌರಿನ್ಯೋ ಬಹಿರಂಗವಾಗಿ ಟೀಕಿಸಿದರು. ಕಾರ್ನೇರೋ ಕ್ಲಬ್ ಬಿಟ್ಟರು, ಪ್ರಕರಣ ನ್ಯಾಯಮಂಡಳಿಗೆ ಹೋಯಿತು. 2016ರ ಜೂನ್‌ನಲ್ಲಿ ರಾಜಿಯಾದಾಗ ಕ್ಲಬ್ ಕ್ಷಮೆ ಕೇಳಿತು, ಅವರು ನಿಯಮ ಪಾಲಿಸಿದ್ದರು ಅಂತ ಒಪ್ಪಿತು. ನನಗಂತೂ ಆ ಇಬ್ಬರ ಮೇಲೆ ತುಂಬ ಗೌರವ.

ಹಾಗಾಗಿ ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ. ನಾನು ಯಾರಿಗೆ ವರದಿ ಮಾಡಬೇಕು? ಉತ್ತರ "ಮುಖ್ಯ ಕೋಚ್‌ಗೆ" ಅಂತ ಬಂದರೆ ಎರಡು ಸಲ ಯೋಚಿಸಿ. ಕೋಚ್ ಬದಲಾದಾಗ ನಿಮ್ಮ ಕೆಲಸವೂ ಅಲುಗಾಡುತ್ತದೆ. ಆಡಳಿತದ ಮುಖ್ಯಸ್ಥರಿಗೆ ವರದಿ ಮಾಡುವ ವ್ಯವಸ್ಥೆ ಒಳ್ಳೆಯದು. ವೈದ್ಯಕೀಯ ನಿರ್ಧಾರವನ್ನು ಬೇರೆ ಯಾರೂ ಬದಲಿಸುವಂತಿಲ್ಲ ಅನ್ನುವ ಸಾಲು ಒಪ್ಪಂದದಲ್ಲೇ ಇರಲಿ. ಗೆದ್ದರೆ ಬೋನಸ್, ಆಟಗಾರ ಬೇಗ ಮರಳಿದರೆ ಬೋನಸ್ ಅಂತ ಇದ್ದರೆ ತೆಗೆಸಿ. ವೃತ್ತಿ ವಿಮೆ ಯಾರು ಕಟ್ಟುತ್ತಾರೆ, ಆಟಗಾರನ ಸಂಬಳದ ಮಟ್ಟದ ಪರಿಹಾರ ಕೇಳಿದರೆ ಆ ವಿಮೆ ಸಾಕಾಗುತ್ತದಾ, ವಕೀಲರಿಂದ ಓದಿಸಿ.

ಹಿಂದಿನ ಡೈರೆಕ್ಟರ್ ಯಾಕೆ ಬಿಟ್ಟರು ಅಂತಲೂ ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವವರ ಮುಖ ಹೆಚ್ಚು ಹೇಳುತ್ತದೆ.

ಹಂತ 8: ಮೊದಲ ತೊಂಬತ್ತು ದಿನ

ಬಂದ ತಕ್ಷಣ ಎಲ್ಲ ಬದಲಿಸಲು ಹೋಗಬೇಡಿ. ಮೊದಲ ತಿಂಗಳು ಕೇಳಿಸಿಕೊಳ್ಳಿ. ಪ್ರತಿ ಆಟಗಾರನ ಜೊತೆ ಬಾಗಿಲು ಮುಚ್ಚಿ ಅರ್ಧ ಗಂಟೆ ಕುಳಿತುಕೊಳ್ಳಿ. ನಿದ್ದೆ, ಮನಸ್ಸು, ಮನೆ ಬಗ್ಗೆ ಕೇಳಿ. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಮಾನಸಿಕ ಆರೋಗ್ಯದ ಕಾರಣಕ್ಕೆ ಟೋಕಿಯೊ ಒಲಿಂಪಿಕ್ಸ್‌ನ ಸ್ಪರ್ಧೆಗಳಿಂದ ಹಿಂದೆ ಸರಿದ ಮೇಲೆ ಮನಸ್ಸಿನ ಮಾತು ಆಡುವುದು ಸ್ವಲ್ಪ ಸುಲಭವಾಗಿದೆ, ಆದರೂ ಮೊದಲು ಕೇಳಬೇಕಾದವರು ನೀವೇ.

ಚಿಕಿತ್ಸಾ ಕೋಣೆಯ ನಿಯಮಗಳನ್ನು ಮೊದಲ ವಾರವೇ ಗೋಡೆಗೆ ಹಾಕಿ: ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ, ಬೇಕೆಂದವರಿಗೆ ಜೊತೆಗೆ ಇನ್ನೊಬ್ಬರು ಇರುತ್ತಾರೆ, ದೂರು ಹೇಳಲು ತಂಡದ ಹೊರಗೆ ಒಬ್ಬರು ಇದ್ದಾರೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಆಗಿದ್ದ ಲ್ಯಾರಿ ನಾಸರ್ ಚಿಕಿತ್ಸೆಯ ಹೆಸರಿನಲ್ಲಿ ವರ್ಷಗಟ್ಟಲೆ ನೂರಾರು ಹುಡುಗಿಯರಿಗೆ ಲೈಂಗಿಕ ಕಿರುಕುಳ ಕೊಟ್ಟ. ದೂರು ಕೇಳಿಸಿಕೊಂಡವರು ಸುಮ್ಮನಿದ್ದರು. 2018ರಲ್ಲಿ ಶಿಕ್ಷೆಯಾಯಿತು. ನಿಮ್ಮ ಇಲಾಖೆಯ ಜನ ಎಷ್ಟೇ ಒಳ್ಳೆಯವರಿರಲಿ, ನಿಯಮ ಎಲ್ಲರಿಗೂ ಇರಲಿ, ನಿಮಗೂ.

ಇನ್ನು ತುರ್ತು ಯೋಜನೆ. ಕಾಗದದ ಮೇಲೆ ಇದ್ದರೆ ಸಾಲದು, ಮೈದಾನದಲ್ಲಿ ಆಡಿ ನೋಡಬೇಕು. ಎನ್‌ಎಫ್‌ಎಲ್‌ನಲ್ಲಿ ಪ್ರತಿ ಪಂದ್ಯಕ್ಕೂ ಸುಮಾರು ಒಂದು ಗಂಟೆ ಮೊದಲು ಎರಡೂ ತಂಡದ ವೈದ್ಯರು, ರೆಫರಿ, ಆಂಬುಲೆನ್ಸ್‌ನವರು ಒಟ್ಟಿಗೆ ನಿಂತು ಯಾರು ಏನು ಮಾಡಬೇಕು ಅಂತ ಮಾತಾಡಿಕೊಳ್ಳುತ್ತಾರೆ. ನೀವು ಯಾವ ಆಟದಲ್ಲಿದ್ದರೂ ಇದನ್ನು ಎರವಲು ಪಡೆಯಿರಿ. ಎದೆ ಒತ್ತುವವರು ಯಾರು, ಉಸಿರಿನ ದಾರಿ ನೋಡುವವರು ಯಾರು, ಡಿಫಿಬ್ರಿಲೇಟರ್ ತರುವವರು ಯಾರು, ಹೆಸರು ಹಿಡಿದು ಹೇಳಿ. ಕೈಸನ್ನೆ ಒಂದು ಗೊತ್ತು ಮಾಡಿಕೊಳ್ಳಿ, ಗದ್ದಲದಲ್ಲಿ ಕೂಗು ಕೇಳಿಸುವುದಿಲ್ಲ.

ಹೊಸ ಕೆಲಸಕ್ಕೆ ಸೇರಿದಾಗ ನಾವೂ ಹೀಗೇ ಒಂದು ಸಂಜೆ ಆಡಿ ನೋಡಿದೆವು. ಫಿಸಿಯೋ ಒಬ್ಬರು ಮೈದಾನದ ಆಚೆ ಮೂಲೆಯಲ್ಲಿ ಮಲಗಿದರು. ನಾನು ಗಡಿಯಾರ ಒತ್ತಿದೆ. ಒಂದೂವರೆ ನಿಮಿಷದಲ್ಲಿ ಡಿಫಿಬ್ರಿಲೇಟರ್ ಬಂತು, ಎಲ್ಲರೂ ಚೆನ್ನಾಗಿ ಮಾಡಿದರು. ಆಂಬುಲೆನ್ಸ್ ಮಾತ್ರ ಬರಲಿಲ್ಲ. ಆ ಮೂಲೆಯ ಗೇಟಿಗೆ ಬೀಗ. ಬೀಗದ ಕೈ ಕಾವಲುಗಾರರ ಹತ್ತಿರ, ಅವರು ಮುಂದಿನ ಗೇಟಿನಲ್ಲಿ. ಅವರನ್ನು ಹುಡುಕಿ, ಕರೆತಂದು, ಬೀಗ ತೆಗೆಯುವ ಹೊತ್ತಿಗೆ ಒಟ್ಟು ಆರು ನಿಮಿಷ ಕಳೆದಿತ್ತು. ಮಾರನೇ ದಿನವೇ ಮೂರು ಬೀಗದ ಕೈ ಮಾಡಿಸಿದೆವು. ಒಂದು ನನ್ನ ಕೊರಳಲ್ಲಿ, ಒಂದು ಆಂಬುಲೆನ್ಸ್ ಚಾಲಕರ ಬಳಿ, ಇನ್ನೊಂದು ಎಮರ್ಜೆನ್ಸಿ ಬ್ಯಾಗಿನ ಹೊರಗಿನ ಜೇಬಿನಲ್ಲಿ, ಕೆಂಪು ದಾರ ಕಟ್ಟಿ. ಪಂದ್ಯದ ದಿನ ಆ ಗೇಟಿಗೆ ಬೀಗ ಹಾಕುವುದನ್ನೂ ನಿಲ್ಲಿಸಿದೆವು. ಆದರೂ ಪ್ರತಿ ಪಂದ್ಯಕ್ಕೆ ಒಂದು ಗಂಟೆ ಮೊದಲು ಒಬ್ಬರು ಆ ಮೂಲೆಯವರೆಗೆ ನಡೆದು ಹೋಗಿ, ಗೇಟನ್ನು ಕೈಯಾರೆ ತಳ್ಳಿ ನೋಡಿ ಬರುತ್ತಾರೆ.